ಪ್ಲೇಟಿನ ಎರಡು ಮಗ್ಗುಲು: 1957ರ ಒಂದು ಕ್ರಿಸ್‌ಮಸ್ ಆಲ್ಬಂನ ಪ್ರಕರಣ

1957ರ ಕ್ರಿಸ್‌ಮಸ್ ಹತ್ತಿರವಾಗುತ್ತಿದ್ದಾಗ ನ್ಯೂಯಾರ್ಕಿನ ಒಂದು ಸಂಗೀತ ಪ್ರಕಾಶನ ಕಚೇರಿಯ ನೌಕರರಿಗೆ ಹೊಸದೊಂದು ಕೆಲಸ ಬಿತ್ತು. ಅಮೆರಿಕದ ಊರೂರಿನ ರೇಡಿಯೊ ಕೇಂದ್ರಗಳಿಗೆ ಫೋನ್ ಮಾಡಬೇಕು, ಯಜಮಾನರ ಹಾಡನ್ನು ಆ ಹುಡುಗನ ದನಿಯಲ್ಲಿ ಮಾತ್ರ ಹಾಕಬೇಡಿ ಎಂದು ಕೇಳಿಕೊಳ್ಳಬೇಕು. ಯಜಮಾನರಿಗೆ ಆಗ 69 ವರ್ಷ. ಹುಡುಗನಿಗೆ 22. ಅವನ ಕ್ರಿಸ್‌ಮಸ್ ಆಲ್ಬಂ ಅಕ್ಟೋಬರ್‌ನಲ್ಲಿ ಅಂಗಡಿಗೆ ಬಂದಿತ್ತು.

ಈ ಬರಹದಲ್ಲಿ ಯಾರ ಹೆಸರನ್ನೂ, ಯಾವ ಹಾಡಿನ ಹೆಸರನ್ನೂ ಹಾಕಿಲ್ಲ. ಹಳೆಯ ಅಮೆರಿಕನ್ ಸಂಗೀತ ಬಲ್ಲವರು ಎರಡನೇ ಪ್ಯಾರಾದಲ್ಲೇ ಗುರುತು ಹಿಡಿಯುತ್ತಾರೆ, ಹಿಡಿಯಲಿ. ಹೆಸರು ಬಂದ ಕೂಡಲೇ ಅದರ ಜೊತೆಗೆ ಮಿಂಚುವ ಅಂಗಿ, ಕೊನೆಗಾಲದ ಕಥೆಗಳು, ಅಭಿಮಾನ, ತಿರಸ್ಕಾರ ಎಲ್ಲವೂ ಬಂದು ಕೂತುಬಿಡುತ್ತವೆ. ಆಗ 22ರ ಹುಡುಗನೊಬ್ಬ ಸ್ಟುಡಿಯೊದಲ್ಲಿ ನಿಂತು ತೆಗೆದುಕೊಂಡ ತೀರ್ಮಾನಗಳು ಕಣ್ಣಿಗೆ ಬೀಳುವುದಿಲ್ಲ. ನನಗೆ ಬೇಕಾಗಿರುವುದು ಆ ತೀರ್ಮಾನಗಳು. ಹಾಗಾಗಿ ಇಲ್ಲಿ ಆತ ‘ಗಾಯಕ’, ಫೋನ್ ಮಾಡಿಸಿದವರು ‘ಹಿರಿಯ ಗೀತಕಾರರು’.

ಹಿನ್ನೆಲೆ

ಗಾಯಕ ಹುಟ್ಟಿದ್ದು ಮಿಸಿಸಿಪ್ಪಿ ರಾಜ್ಯದ ಟುಪೆಲೊದಲ್ಲಿ, ಕಡುಬಡತನದಲ್ಲಿ. ಬೆಳೆದದ್ದು ಮೆಂಫಿಸ್‌ನಲ್ಲಿ. ಮನೆಯವರು ಪೆಂಟೆಕೋಸ್ಟಲ್ ಚರ್ಚಿಗೆ ಹೋಗುವವರು. ಅಲ್ಲಿ ಹಾಡು ಎಂದರೆ ಕೈಕಟ್ಟಿ ನಿಂತು ಹೇಳುವಂಥದ್ದಲ್ಲ, ಮೈ ಅಲುಗಾಡಲೇಬೇಕು. 1956ರಲ್ಲಿ ಆತ ದೇಶಕ್ಕೆಲ್ಲ ಪರಿಚಿತನಾದಾಗ ಅದೇ ಮೈಯ ಅಲುಗಾಟ ದೊಡ್ಡ ರಂಪವಾಯಿತು. 1957ರ ಜನವರಿ 6ರಂದು ರಾಷ್ಟ್ರೀಯ ಟಿವಿಯ ಭಾನುವಾರದ ಕಾರ್ಯಕ್ರಮದಲ್ಲಿ ಕ್ಯಾಮೆರಾ ಅವನನ್ನು ಸೊಂಟದಿಂದ ಮೇಲಕ್ಕೆ ಮಾತ್ರ ತೋರಿಸಿತು. ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಷ್ಟಾಗಿ ಯಾರೂ ನೆನಪಿಟ್ಟುಕೊಳ್ಳದ ಸಂಗತಿ ಇನ್ನೊಂದಿದೆ. ಅದೇ ಸಂಜೆ, ಅದೇ ವೇದಿಕೆಯಲ್ಲಿ ಆತ ಕಣ್ಣು ಮುಚ್ಚಿಕೊಂಡು ಒಂದು ಗಾಸ್ಪೆಲ್ ಗೀತೆ, ಅಂದರೆ ಚರ್ಚಿನ ಭಕ್ತಿಗೀತೆ, ಹಾಡಿದ. ಹಂಗೆರಿಯ ನಿರಾಶ್ರಿತರಿಗೆ ನೆರವಾಗಿ ಎಂದು ನೋಡುಗರನ್ನು ಕೇಳಿಕೊಂಡ ಹೊತ್ತು ಅದು. ಕಾರ್ಯಕ್ರಮದ ನಿರೂಪಕರು ಕೊನೆಯಲ್ಲಿ ಅವನನ್ನು ಒಳ್ಳೆಯ ಹುಡುಗ ಎಂದು ಜನರ ಮುಂದೆಯೇ ಹೊಗಳಿದರು.

ಕೆಲವು ದಿನಗಳಲ್ಲೇ ಆ ಗೀತೆಯೂ ಇನ್ನು ಮೂರು ಭಕ್ತಿಗೀತೆಗಳೂ ಹಾಲಿವುಡ್‌ನಲ್ಲಿ ಧ್ವನಿಮುದ್ರಣವಾಗಿ ಒಂದು ಪುಟ್ಟ ಇಪಿ ರೆಕಾರ್ಡಾಗಿ ಬಂದವು. ಈ ನಾಲ್ಕು ಹಾಡುಗಳನ್ನು ನೆನಪಿನಲ್ಲಿಟ್ಟುಕೊಳ್ಳಿ.

ತೊಡಕು

ಕ್ರಿಸ್‌ಮಸ್ ಆಲ್ಬಂ ಎಂದರೆ ಆ ದೇಶದ ಸಂಗೀತ ವ್ಯಾಪಾರದಲ್ಲಿ ನಂಬಿಕಸ್ತ ಸರಕು. ಡಿಸೆಂಬರ್ ಬಂದಾಗಲೆಲ್ಲ ಮತ್ತೆ ಮಾರಾಟವಾಗುತ್ತದೆ. ಮ್ಯಾನೇಜರ್‌ಗೂ ಕಂಪನಿಗೂ ಅದು ಬೇಕಾಗಿತ್ತು. ಆದರೆ ಕೊಳ್ಳುವವರು ಯಾರು ಎಂಬಲ್ಲೇ ಸಿಕ್ಕು ಇತ್ತು. ಆಗ ಹದಿಹರೆಯದವರು ಮುಖ್ಯವಾಗಿ ಕೊಳ್ಳುತ್ತಿದ್ದದ್ದು ಒಂದೊಂದು ಹಾಡಿನ ಸಣ್ಣ ಪ್ಲೇಟುಗಳನ್ನು. ಹತ್ತು ಹನ್ನೆರಡು ಹಾಡಿನ ದುಬಾರಿ ಎಲ್‌ಪಿ, ಅದೂ ಹಬ್ಬದ ಎಲ್‌ಪಿ, ಮನೆಯ ಹಿರಿಯರ ಕೈಯಿಂದ ಬರುವಂಥದ್ದು. ಅಂದರೆ ಯಾರು ಈ ಗಾಯಕ ಟಿವಿಯಲ್ಲಿ ಬಂದರೆ ಮುಖ ಸಿಂಡರಿಸುತ್ತಿದ್ದರೋ ಅದೇ ಅಪ್ಪ ಅಮ್ಮಂದಿರು ದುಡ್ಡು ಬಿಚ್ಚಬೇಕು. ಮಕ್ಕಳಿಗಾಗಿ ಮಾಡಿದರೆ ಹಿರಿಯರು ಕೊಳ್ಳುವುದಿಲ್ಲ, ಹಿರಿಯರಿಗಾಗಿ ಮಾಡಿದರೆ ಮಕ್ಕಳಿಗೆ ಬೇಡ.

ಎರಡನೆಯ ತೊಡಕು ಇನ್ನೂ ಸೂಕ್ಷ್ಮವಾದದ್ದು. ಹಬ್ಬದ ಹಾಡುಗಳು ಯಾರೊಬ್ಬರ ಸ್ವತ್ತೂ ಅಲ್ಲ, ಆದರೆ ಪ್ರತಿಯೊಬ್ಬರೂ ಅವು ತಮ್ಮವೇ ಎಂದುಕೊಂಡಿರುತ್ತಾರೆ. ಬಾಲ್ಯದಲ್ಲಿ ಯಾವ ದನಿಯಲ್ಲಿ ಕೇಳಿದರೋ ಅದೇ ದನಿ ಅವರಿಗೆ ಹಾಡು. ನಮ್ಮಲ್ಲೂ ದಾಸರ ಪದಕ್ಕೆ ಡ್ರಮ್ಸ್ ಸೇರಿಸಿದರೆ ಮನೆಯ ಅಜ್ಜಿ ರೇಡಿಯೊ ಆರಿಸಿಬಿಡುವುದು ಇದೇ ಕಾರಣಕ್ಕೆ. ಅಜ್ಜಿಯ ಕೋಪವನ್ನು ಹಗುರವಾಗಿ ಕಾಣಬಾರದು ಎಂದೇ ನನ್ನ ಅನಿಸಿಕೆ. ಈ ಪ್ರಕರಣವನ್ನು ಓದುವಾಗಲೂ ಅದನ್ನು ಮರೆಯದಿದ್ದರೆ ಒಳ್ಳೆಯದು.

ಸೆಪ್ಟೆಂಬರಿನ ಮೂರು ದಿನ

ಧ್ವನಿಮುದ್ರಣ ನಡೆದದ್ದು 1957ರ ಸೆಪ್ಟೆಂಬರ್ 5ರಿಂದ 7ರವರೆಗೆ, ಹಾಲಿವುಡ್‌ನಲ್ಲಿ. ಬೇರೆ ಹಾಡುಗಳ ನಡುವೆಯೇ ಎಂಟು ಕ್ರಿಸ್‌ಮಸ್ ಹಾಡುಗಳು ಮುಗಿದವು. ಒಂದು ಎಲ್‌ಪಿಗೆ ಎಂಟು ಸಾಲದು. ಆಗ ಜನವರಿಯ ಆ ನಾಲ್ಕು ಭಕ್ತಿಗೀತೆಗಳು ಕೈಗೆ ಬಂದವು. ಕೊರತೆ ತುಂಬಲು ಮಾಡಿದ ಈ ಏರ್ಪಾಟೇ ಆಲ್ಬಂನ ಆಕಾರವನ್ನು ನಿರ್ಧರಿಸಿತು. ಮೊದಲ ಮಗ್ಗುಲಲ್ಲಿ ಆರು ಲೌಕಿಕ ಹಾಡುಗಳು: ಸಾಂತಾ, ವಿರಹ, ಊರಿನ ನೆನಪು, ಹಿಮ. ಎರಡನೆಯ ಮಗ್ಗುಲಲ್ಲಿ ಎರಡು ಹಳೆಯ ಕ್ಯಾರಲ್‌ಗಳು (ಕ್ರಿಸ್‌ಮಸ್ ಸ್ತುತಿಗೀತೆಗಳು), ಆಮೇಲೆ ಆ ನಾಲ್ಕು ಗಾಸ್ಪೆಲ್ ಗೀತೆಗಳು. ಈ ಎರಡನೆಯ ಮಗ್ಗುಲನ್ನು ಆತ ಹಾಡಿರುವ ರೀತಿಯಲ್ಲಿ ಒಂದು ಕುಚೇಷ್ಟೆಯೂ ಇಲ್ಲ. ದನಿ ತಗ್ಗಿಸಿ, ನೇರವಾಗಿ, ಚರ್ಚಿನ ಬೆಂಚಿನ ಮೇಲೆ ಕೂತ ಹುಡುಗನ ಹಾಗೆ ಹಾಡಿದ್ದಾನೆ.

ಮೊದಲ ಮಗ್ಗುಲಿನ ಕಥೆ ಬೇರೆ. ಮ್ಯಾನೇಜರ್‌ಗೆ ಇನ್ನೊಂದು ಹೊಸ ಕ್ರಿಸ್‌ಮಸ್ ಹಾಡು ಬೇಕಾಯಿತು. ಸ್ಟುಡಿಯೊದಲ್ಲೇ ಇದ್ದ ಇಬ್ಬರು ಯುವ ಗೀತಕಾರರು ಪಕ್ಕಕ್ಕೆ ಹೋಗಿ ಕೆಲವೇ ನಿಮಿಷಗಳಲ್ಲಿ ಹನ್ನೆರಡು ಬಾರ್‌ಗಳ, ಅಂದರೆ ತಾಳದ ಹನ್ನೆರಡು ಅಳತೆಗಳ, ಒಂದು ಬ್ಲೂಸ್ ಬರೆದು ತಂದರು. ಬ್ಲೂಸ್ ಎಂದರೆ ಅಮೆರಿಕದ ಕಪ್ಪು ಜನರ ಲೌಕಿಕ ಹಾಡಿನ ಶೈಲಿ. ಹಿಮಸಾರಂಗದ ಗಾಡಿಯ ಬದಲು ದೊಡ್ಡ ಕಪ್ಪು ಕ್ಯಾಡಿಲಾಕ್ ಕಾರಿನಲ್ಲಿ ಬರುವ ಸಾಂತಾ. ಚಿಮಣಿ ಇಳಿಯುವ ಮಾತಿನಲ್ಲಿ ದೊಡ್ಡವರಿಗೆ ಮಾತ್ರ ಗೊತ್ತಾಗುವ ಇನ್ನೊಂದು ಅರ್ಥ. ಹಿನ್ನೆಲೆ ಗಾಯಕರು ಹಬ್ಬದ ಹೆಸರನ್ನು ಚರ್ಚಿನ ಮೇಳದವರಂತೆ ಗಂಭೀರವಾಗಿ ಕರೆಯುತ್ತಾರೆ, ಮರುಕ್ಷಣವೇ ಗಾಯಕ ಗಂಟಲು ಒರಟು ಮಾಡಿಕೊಂಡು ಬ್ಲೂಸ್‌ಗೆ ಧುಮುಕುತ್ತಾನೆ. ಇದನ್ನು ಆಲ್ಬಂನ ನಡುವೆಯೆಲ್ಲೋ ಮುಚ್ಚಿಡಬಹುದಿತ್ತು. ಹಾಗೆ ಮಾಡದೆ ಮೊದಲ ಹಾಡಾಗಿ ಇಟ್ಟರು. ಸೂಜಿ ಇಳಿಸಿದ ತಕ್ಷಣ ಕೇಳುವುದೇ ಅದು. ಇಡೀ ಆಲ್ಬಂನಲ್ಲಿ ನಿಜವಾಗಿ ಧೈರ್ಯ ಬೇಕಾಗಿದ್ದ ತೀರ್ಮಾನ ಇದೇ.

ಅದೇ ಮಗ್ಗುಲಿನಲ್ಲಿ ಇನ್ನೊಂದು ಹಾಡಿದೆ. ಅದು ಗಾಯಕನಿಗೆ ಬೇಡವಾಗಿತ್ತು. ಹಿಂದೊಬ್ಬ ಕಂಟ್ರಿ ಗಾಯಕ ಅದನ್ನು ತನ್ನದಾಗಿಸಿಕೊಂಡಾಗಿತ್ತು, ತಾನು ಮತ್ತೆ ಹಾಡಿ ಮಾಡುವುದೇನು ಎಂಬ ಅಳುಕು. ಹಾಡಲೇಬೇಕೆಂದು ಒತ್ತಾಯ ಬಂದಾಗ ಆತ ಹಿನ್ನೆಲೆಯವರಿಗೆ, ಏನಾದರೂ ತಮಾಷೆಯಾಗಿ ಮಾಡಿಬಿಡಿ ಎಂದ. ನ್ಯಾಶ್‌ವಿಲ್‌ನಿಂದ ಬಂದಿದ್ದ ಸೊಪ್ರಾನೊ ಗಾಯಕಿಯೊಬ್ಬರು ಆಗ ಆರು ತಿಂಗಳ ಬಸುರಿ. ಆಕೆ ಹಾಡು ಶುರುವಾದಾಗಿನಿಂದ ಮುಗಿಯುವ ತನಕ ಮೇಲಿನ ಸ್ಥಾಯಿಯಲ್ಲಿ ಊ-ಊ-ಊ ಎಂದು ಅಲೆಅಲೆಯಾಗಿ ದನಿ ಎಳೆದರು. ಮುಗಿದಾಗ ಎಲ್ಲರೂ ಬಿದ್ದು ಬಿದ್ದು ನಕ್ಕರು. ಇದನ್ನು ಕಂಪನಿಯವರು ಹೊರಗೆ ಬಿಡುವುದೇ ಇಲ್ಲ ಎಂದು ಹಾಡಿದವರೇ ಅಂದುಕೊಂಡರು. ನೀಲಿ ಕ್ರಿಸ್‌ಮಸ್ಸಿನ (ಇಂಗ್ಲಿಷಿನಲ್ಲಿ ನೀಲಿ ಎಂದರೆ ವಿಷಾದ) ಆ ಹಾಡನ್ನು ಇವತ್ತು ಆ ಊ-ಊ ಇಲ್ಲದೆ ಊಹಿಸಿಕೊಳ್ಳಲೂ ಆಗುವುದಿಲ್ಲ.

ಇನ್ನು, ಗಲಾಟೆಗೆ ಕಾರಣವಾದ ಹಾಡು. ಹಿರಿಯ ಗೀತಕಾರರ ಆ ಹಾಡು 1942ರಲ್ಲಿ ಒಂದು ಸಿನಿಮಾದ ಮೂಲಕ ಬಂದು ಆಸ್ಕರ್ ಪಡೆದಿತ್ತು. ಯುದ್ಧಕ್ಕೆ ಹೋಗಿದ್ದ ಸೈನಿಕರು ಅದನ್ನು ಕೇಳಿ ಮನೆಗಾಗಿ ಹಂಬಲಿಸಿದ್ದರು. ಮೊದಲು ಹಾಡಿದವರದು ಬೆಣ್ಣೆಯಂಥ ದನಿ, ಆರಾಮವಾದ ನಡೆ. ನಮ್ಮ ಗಾಯಕ ಹಿಡಿದ ದಾರಿ ಅದಲ್ಲ. 1954ರಲ್ಲಿ ಕಪ್ಪು ಜನರ ಗಾಯನ ತಂಡವೊಂದು ಅದೇ ಹಾಡನ್ನು ರಿದಮ್ ಅಂಡ್ ಬ್ಲೂಸ್ ಎಂಬ, ಬ್ಲೂಸ್‌ಗೆ ಕುಣಿಸುವ ಲಯ ಸೇರಿದ ಶೈಲಿಗೆ ತಿರುಗಿಸಿತ್ತು. ಒಬ್ಬರು ಪಾತಾಳದ ಮಂದ್ರದಲ್ಲಿ ಎತ್ತಿಕೊಂಡರೆ ಇನ್ನೊಬ್ಬರು ತಾರದಲ್ಲಿ ಸ್ವರವನ್ನು ಒಡೆದು, ನಮ್ಮ ಸಂಗೀತದವರು ಜಾರು ಎನ್ನುವ ಹಾಗೆ ಮೇಲಿನಿಂದ ಕೆಳಕ್ಕೆ ಎಳೆದು ಹಾಡಿದ್ದರು. ಗಾಯಕ ಆ ತಂಡವನ್ನು ಆರಾಧಿಸುತ್ತಿದ್ದ. ಅದೇ ಏರ್ಪಾಟನ್ನು, ಅದೇ ಒಡೆತಗಳನ್ನು ತನ್ನೊಬ್ಬನ ದನಿಗೆ ಇಳಿಸಿಕೊಂಡ. ಎರಡನ್ನೂ ಒಂದರ ಹಿಂದೊಂದು ಕೇಳಿ ನೋಡಿ. ಅಣಕ ಮಾಡುವವನು ಇಷ್ಟು ಜತನದಿಂದ ಕಲಿಯುವುದಿಲ್ಲ.

ಬಿಡುಗಡೆಯಾದ ಮೇಲೆ

ಅಕ್ಟೋಬರ್ ನಡುವೆ ಆಲ್ಬಂ ಬಂತು. ಮಡಿಸುವ ಹೊದಿಕೆ, ಒಳಗೆ ಗಾಯಕನ ಬಣ್ಣದ ಚಿತ್ರಗಳ ಪುಟ್ಟ ಪುಸ್ತಕ, ಯಾರಿಂದ ಯಾರಿಗೆ ಎಂದು ಬರೆದುಕೊಡಲು ಬಂಗಾರದ ಬಣ್ಣದ ಚೀಟಿ. ಉಡುಗೊರೆಯಾಗಿಯೇ ಹೊಲಿದ ಸರಕು. ಹಿರಿಯರ ಜೇಬಿನ ತೊಡಕಿಗೆ ಕಂಪನಿ ಕಂಡುಕೊಂಡ ಉತ್ತರ ಈ ಚೀಟಿ. ಕೊಳ್ಳುವವರು ಹಾಡನ್ನು ಮೆಚ್ಚಬೇಕಿಲ್ಲ, ಮಗಳನ್ನು ಪ್ರೀತಿಸಿದರೆ ಸಾಕು.

ಹಿರಿಯ ಗೀತಕಾರರು ತಮ್ಮ ಹಾಡನ್ನು ಕೇಳಿ ಕೆರಳಿದರು. ಅದು ಅವರಿಗೆ ತಮ್ಮ ಹಾಡಿನ ಅಪವಿತ್ರ ಅಣಕವಾಗಿ ಕೇಳಿಸಿತು. ಆಗ ಶುರುವಾದದ್ದೇ ಫೋನ್ ಕರೆಗಳು. ಅಮೆರಿಕದ ಬಹುಪಾಲು ಕೇಂದ್ರಗಳು ಕಿವಿಗೊಡಲಿಲ್ಲ. ಕೆನಡಾದಲ್ಲಿ ಮಾತ್ರ ಹೆಚ್ಚಿನ ಕೇಂದ್ರಗಳು ಆಲ್ಬಂ ಹಾಕಲು ಒಪ್ಪಲಿಲ್ಲ. ಓರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡಿನಲ್ಲಿ ಆ ಹಾಡು ಹಾಕಿದ್ದಕ್ಕೆ ಉದ್ಘೋಷಕನ ಕೆಲಸ ಹೋಯಿತೆಂದು ಸುದ್ದಿಯಾಯಿತು. ಹಬ್ಬದ ಹೊತ್ತಿಗೆ ಇಂಥ ದನಿ ಮನೆಯೊಳಗೆ ಬರಬಾರದು ಎಂಬುದು ಎಲ್ಲ ವಿರೋಧದ ತಿರುಳು.

ಇಷ್ಟರ ನಡುವೆ ಡಿಸೆಂಬರ್‌ನಲ್ಲಿ ಆಲ್ಬಂ ಬಿಲ್‌ಬೋರ್ಡ್ ಪತ್ರಿಕೆಯ ಜನಪ್ರಿಯತೆಯ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿ ಒಟ್ಟು 4 ವಾರ ಅಲ್ಲಿತ್ತು. ಗದ್ದಲವೇ ಮಾರಾಟ ಮಾಡಿಸಿತು ಎಂದು ಹೇಳುವವರಿದ್ದಾರೆ. ನಾನು ಒಪ್ಪುವುದಿಲ್ಲ. ಅದಕ್ಕೆ ಮೊದಲು ಬಂದ ಅವನ ಮೂರೂ ಆಲ್ಬಂಗಳು ಮೊದಲ ಸ್ಥಾನಕ್ಕೆ ಹೋಗಿದ್ದವು, ಅವುಗಳಿಗೆ ಯಾವ ಹಿರಿಯರ ಫೋನ್ ಕರೆಯೂ ಬೇಕಾಗಿರಲಿಲ್ಲ. ಗದ್ದಲ ಸುದ್ದಿ ಮಾಡಿತು, ಅಷ್ಟೆ. ಇನ್ನೊಂದು ಸಂಗತಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಅದೇ ಡಿಸೆಂಬರ್ 20ರಂದು ಗಾಯಕನಿಗೆ ಸೈನ್ಯದ ಕರೆ ಬಂತು, ಮುಂದಿನ ಮಾರ್ಚ್‌ನಲ್ಲಿ ಆತ ಸಾಮಾನ್ಯ ಸೈನಿಕನಾಗಿ ಸೇರಿಕೊಂಡ. ಮುಂದಿನ ವರ್ಷಗಳಲ್ಲಿ ಜನ ಅವನನ್ನು ಕ್ಷಮಿಸಿದ್ದರಲ್ಲಿ ಹಾಡಿನ ಪಾಲೆಷ್ಟು, ಸಮವಸ್ತ್ರದ ಪಾಲೆಷ್ಟು ಎಂದು ಬೇರ್ಪಡಿಸಲು ಬರುವುದಿಲ್ಲ.

ಯಾರ ಕಿವಿ, ಯಾರ ನೋವು

ಈ ಪ್ರಕರಣದಲ್ಲಿ ನನ್ನನ್ನು ಬಿಡದೆ ಕಾಡುವ ಪ್ರಶ್ನೆ ಒಂದು. 1954ರಲ್ಲಿ ಕಪ್ಪು ಗಾಯಕರ ತಂಡ ಇದೇ ಹಾಡನ್ನು ಹೀಗೇ ಹಾಡಿ ರಿದಮ್ ಅಂಡ್ ಬ್ಲೂಸ್ ಪಟ್ಟಿಯಲ್ಲಿ ಎರಡನೆಯ ಸ್ಥಾನದವರೆಗೆ ಹೋಗಿತ್ತು. ಆಗ ಇಂಥ ಗದ್ದಲ ಏಳಲಿಲ್ಲ. ಏರ್ಪಾಟು ಅದೇ, ಜಾರು ಅದೇ. ಬದಲಾದದ್ದು ಹಾಡು ಎಲ್ಲಿ ಕೇಳಿಸಿತು ಎಂಬುದು. ಮೊದಲನೆಯದು ಕಪ್ಪು ಜನರ ಬೀದಿಗಳಲ್ಲಿ, ಅವರ ಜೂಕ್‌ಬಾಕ್ಸ್‌ಗಳಲ್ಲಿ ಸುತ್ತುತ್ತಿತ್ತು. ಎರಡನೆಯದು ಬಿಳಿಯರ ಹಜಾರಕ್ಕೆ, ಕ್ರಿಸ್‌ಮಸ್ ಮರದ ಬುಡಕ್ಕೆ ಬಂತು. ಜನ ರೇಗಿದ್ದು ಶೈಲಿಯ ಮೇಲಲ್ಲ, ಆ ಶೈಲಿ ತಮ್ಮ ಬಾಗಿಲು ದಾಟಿದ್ದರ ಮೇಲೆ. ಹಬ್ಬದ ಸಂಗೀತ ಮಾಡುವವರು ಟೀಕೆ ಬಂದಾಗ ಮೊದಲು ಕೇಳಿಕೊಳ್ಳಬೇಕಾದದ್ದು ಇದನ್ನೇ: ಇದೇ ಕೆಲಸವನ್ನು ಇನ್ನೊಬ್ಬರು ಇನ್ನೊಂದು ಕಡೆ ಮಾಡಿದಾಗ ಇದೇ ಮಾತು ಬಂದಿತ್ತೇ? ಬಂದಿರದಿದ್ದರೆ ಹಾಡನ್ನು ತಿದ್ದಿ ಪ್ರಯೋಜನವಿಲ್ಲ.

ಹಾಗೆಂದು ಹಿರಿಯ ಗೀತಕಾರರನ್ನು ಖಳನಾಗಿ ಮಾಡಲು ನನಗೆ ಮನಸ್ಸಿಲ್ಲ. ಅವರು ರಷ್ಯಾ ಸಾಮ್ರಾಜ್ಯದಲ್ಲಿ ಹುಟ್ಟಿ ಐದು ವರ್ಷದವರಿದ್ದಾಗ ನ್ಯೂಯಾರ್ಕಿಗೆ ಬಂದ ಯಹೂದಿ. ಕ್ರಿಸ್‌ಮಸ್ ಅವರ ಮನೆತನದ ಹಬ್ಬವಲ್ಲ. 1928ರ ಡಿಸೆಂಬರ್‌ನಲ್ಲಿ ಅವರಿಗೊಂದು ಗಂಡುಮಗು ಹುಟ್ಟಿತು. ಒಂದು ತಿಂಗಳೂ ತುಂಬದೆ ಕ್ರಿಸ್‌ಮಸ್ ದಿನವೇ ತೀರಿಕೊಂಡಿತು. ಮುಂದೆ ಅವರು ಆ ಹಬ್ಬದ ಮೇಲೆ ಬರೆದ ಹಾಡಿನಲ್ಲಿ ಸಂಭ್ರಮಕ್ಕಿಂತ ಕಳೆದುಹೋದ ಒಂದರ ಹಂಬಲವೇ ಹೆಚ್ಚು. ಕೋಪಕ್ಕೆ ಇದೇ ಕಾರಣ ಎಂದು ನಾನು ಹೇಳುತ್ತಿಲ್ಲ. ಆದರೆ ಆ ಹಾಡನ್ನು ಯಾರೋ ಹುಡುಗ ಹಿಗ್ಗಿಸಿ ಕುಗ್ಗಿಸಿ ಹಾಡಿದಾಗ 69ರ ಆ ಮನುಷ್ಯನ ಎದೆಯಲ್ಲಿ ಏನಾಗಿರಬಹುದು ಎಂದು ಯೋಚಿಸದೆ ಅವರನ್ನು ಸಂಕುಚಿತ ಮನಸ್ಸಿನವರೆಂದು ಕರೆಯುವುದು ನ್ಯಾಯವಲ್ಲ.

ಈಗ ಪ್ಲೇಟನ್ನು ತಿರುಗಿಸಿ. ಎರಡನೆಯ ಮಗ್ಗುಲಿನ ನಾಲ್ಕು ಭಕ್ತಿಗೀತೆಗಳಲ್ಲಿ ಎರಡು ಷಿಕಾಗೊದ ಒಬ್ಬ ಕಪ್ಪು ಸಂಗೀತಗಾರರ ರಚನೆಗಳು. ಜಾರ್ಜಿಯಾದಲ್ಲಿ ಹುಟ್ಟಿದವರು. ಮೊದಲು ಬ್ಲೂಸ್ ಪಿಯಾನೊ ನುಡಿಸಿ, ಪೋಲಿ ಹಾಡುಗಳನ್ನೂ ಬರೆದು ಹೆಸರು ಮಾಡಿದ್ದರು. 1932ರ ಆಗಸ್ಟ್‌ನಲ್ಲಿ ಸೇಂಟ್ ಲೂಯಿಸ್‌ನ ಒಂದು ಪ್ರಾರ್ಥನಾ ಸಭೆಯಲ್ಲಿ ಅವರು ಹಾಡುತ್ತಿದ್ದಾಗ ತಂತಿ ಬಂತು: ಹೆರಿಗೆಯಲ್ಲಿ ಹೆಂಡತಿ ತೀರಿಕೊಂಡರು. ಸ್ವಲ್ಪ ಹೊತ್ತಿನಲ್ಲೇ ಹುಟ್ಟಿದ ಗಂಡುಕೂಸೂ ಹೋಯಿತು. ಆ ದುಃಖದಿಂದ ಎದ್ದುಬಂದದ್ದು, ಕೈಹಿಡಿದು ನಡೆಸು ಎಂದು ದೇವರನ್ನು ಬೇಡುವ ಆ ಗೀತೆ. ಬ್ಲೂಸ್‌ನ ಬಾಗುಬಳುಕನ್ನು ಚರ್ಚಿನೊಳಗೆ ತಂದಿದ್ದಕ್ಕೆ ಅವರದೇ ಜನರ ಹಲವು ಚರ್ಚುಗಳು ಅವರ ಸಂಗೀತವನ್ನು ಸೈತಾನನದೆಂದು ಹೊರಗಿಟ್ಟಿದ್ದವು.

ಒಂದೇ ಪ್ಲೇಟು. ಒಂದು ಮಗ್ಗುಲಲ್ಲಿ ಕೂಸನ್ನು ಕಳೆದುಕೊಂಡ ಒಬ್ಬ ತಂದೆಯ ಹಾಡು, ಇನ್ನೊಂದು ಮಗ್ಗುಲಲ್ಲಿ ಕೂಸನ್ನು ಕಳೆದುಕೊಂಡ ಇನ್ನೊಬ್ಬ ತಂದೆಯ ಹಾಡು. ಎರಡನ್ನೂ ಹಾಡಿದ ಹುಡುಗನೂ ಅವಳಿಗಳಲ್ಲಿ ಉಳಿದ ಒಬ್ಬ, ಅವನ ಜೊತೆಯ ಕೂಸು ಹುಟ್ಟುವಾಗಲೇ ಸತ್ತಿತ್ತು. ಇದನ್ನು ಮೊದಲ ಸಲ ಒಟ್ಟಿಗೆ ಇಟ್ಟು ನೋಡಿದ ದಿನ ನನಗೆ ಆಲ್ಬಂ ಮುಂದೆ ಕೇಳಲಾಗಲಿಲ್ಲ.

ಆ ಕಾಲದ ಕೇಳುಗರು ಗೌರವದ ಮಗ್ಗುಲು ಎಂದು ಒಪ್ಪಿಕೊಂಡ ಎರಡನೆಯ ಮಗ್ಗುಲಿನಲ್ಲಿರುವ ಷಿಕಾಗೊದವರ ಸಂಗೀತವೂ ಕಾಲು ಶತಮಾನದ ಹಿಂದೆ ಅದೇ ಆರೋಪ ಹೊತ್ತಿತ್ತು: ಪವಿತ್ರವಾದದ್ದಕ್ಕೆ ಬ್ಲೂಸ್ ಬೆರೆಸಿದ್ದು. ಈ ಆಲ್ಬಂನಲ್ಲಿ ಲೌಕಿಕ, ದೈವಿಕ ಎಂದು ಮಗ್ಗುಲು ಬೇರೆ ಮಾಡಿದ್ದು ವ್ಯಾಪಾರದ ದೃಷ್ಟಿಯಿಂದ ಜಾಣತನ. ಸಿಟ್ಟಾದವರಿಗೂ ಒಪ್ಪಿಕೊಳ್ಳಲು ಅರ್ಧ ಪ್ಲೇಟು ಸಿಕ್ಕಿತು. ಸಂಗೀತದ ದೃಷ್ಟಿಯಿಂದ ಆ ಗೋಡೆ ಇರಲೇ ಇಲ್ಲ. ಗಾಯಕನಿಗೆ ಅದು ಚೆನ್ನಾಗಿ ಗೊತ್ತಿತ್ತು ಎಂದು ನನ್ನ ನಂಬಿಕೆ, ಟುಪೆಲೊದ ಚರ್ಚಿನಲ್ಲಿ ಅವನು ಅಂಥ ಗೋಡೆ ಕಂಡವನೇ ಅಲ್ಲ.

ಮುಂದಿನ ವರ್ಷಗಳು

1958ರಲ್ಲಿ ಚಿತ್ರಪುಸ್ತಕವಿಲ್ಲದೆ, ಹೊಸ ಮುಖಪುಟದಲ್ಲಿ ಆಲ್ಬಂ ಮತ್ತೆ ಬಂತು. ಆಮೇಲೂ ಹಬ್ಬ ಬಂದಾಗಲೆಲ್ಲ ಮಾರಾಟವಾಯಿತು. ನಕ್ಕು ಮುಗಿಸಿದ್ದ ಆ ನೀಲಿ ಹಾಡು 1964ರಲ್ಲಿ ಅಮೆರಿಕದ ಅಂಗಡಿಗಳಿಗೆ ಸಿಂಗಲ್ ಆಗಿ ಬಂತು. ವಿರೋಧದ ಸದ್ದು ಯಾವಾಗ ನಿಂತಿತೆಂದು ಯಾರೂ ಗುರುತು ಹಾಕಿಕೊಳ್ಳಲಿಲ್ಲ. 1957ರಲ್ಲಿ ಬಂಗಾರದ ಚೀಟಿಯಲ್ಲಿ ಹೆಸರು ಬರೆಸಿಕೊಂಡ ಮಕ್ಕಳು ತಾವೇ ಅಪ್ಪ ಅಮ್ಮಂದಿರಾದರು. ಅವರ ಮನೆಯ ಹಬ್ಬಕ್ಕೆ ಇದೇ ಹಳೆಯ ದನಿ, ಇದೇ ನೆನಪು.

1970ರಲ್ಲಿ ಕಂಪನಿ ತನ್ನ ಅಗ್ಗದ ಬೆಲೆಯ ಸಾಲಿನಲ್ಲಿ ಆಲ್ಬಂನ ಹೊಸ ಆವೃತ್ತಿ ತಂದಿತು. ಹತ್ತು ಹಾಡು ಮಾತ್ರ, ಅದರಲ್ಲಿ ಎರಡು ಹೊಸ ಸೇರ್ಪಡೆ. ಎಲ್ಲಕ್ಕಿಂತ ಹೆಚ್ಚು ಮನೆಗಳಿಗೆ ಹೋದದ್ದು ಈ ಆವೃತ್ತಿಯೇ, ಒಂದು ಕೋಟಿ ಪ್ರತಿಗಳ ಡೈಮಂಡ್ ಪ್ರಮಾಣಪತ್ರ ಪಡೆಯುವಷ್ಟು. ಸೂಜಿ ಇಳಿಸಿದರೆ ಮೊದಲು ಕೇಳುವುದು ಊ-ಊ ಎಂಬ ಸೊಪ್ರಾನೊ ದನಿ. ಕ್ಯಾಡಿಲಾಕ್ ಸಾಂತಾ ಇದ್ದಾನೆ. ಹಿರಿಯ ಗೀತಕಾರರು ನಿಲ್ಲಿಸಲು ಹೊರಟಿದ್ದ ಹಾಡು ಮೂರನೆಯದು. ಕೈಬಿಟ್ಟವು ನಾಲ್ಕು, ಜನವರಿಯಲ್ಲಿ ಹಾಡಿದ್ದ ಆ ನಾಲ್ಕೂ ಭಕ್ತಿಗೀತೆಗಳು. ಷಿಕಾಗೊದವರ ಎರಡು ಹಾಡುಗಳು ಅವುಗಳ ಜೊತೆಗೇ ಹೋದವು.